ಚೆಲ್ಟನ್‌ಹ್ಯಾಮ್‌ನ ಭೂಗೋಳ ಮೇಷ್ಟ್ರು ಮತ್ತು ಯೂನಿವರ್ಸಿಟಿ ಪಾಠದ ಸುಧಾರಣೆ: ಒಂದು ಪ್ರಕರಣ ಅಧ್ಯಯನ

ಯೂನಿವರ್ಸಿಟಿಲಿ ಪಾಠ ಸುಧಾರಿಸ್ಬೇಕು ಅಂದ್ರೆ ಬೇಡ ಅನ್ನೋರು ಯಾರೂ ಸಿಗಲ್ಲ, ಆದ್ರೆ ಯಾರು ಮುಂದೆ ನಿಂತು ಮಾಡ್ಬೇಕು ಅಂತ ಕೇಳಿದ ತಕ್ಷಣ ಮೇಷ್ಟ್ರುಗಳು ವೈಸ್ ಚಾನ್ಸಲರ್ ಕಡೆ ನೋಡ್ತಾರೆ, ವೈಸ್ ಚಾನ್ಸಲರ್ ಸರ್ಕಾರದ ಕಡೆ ನೋಡ್ತಾರೆ, ಕೆಲಸ ಅಲ್ಲೇ ನಿಂತೋಗುತ್ತೆ. ಇಂಗ್ಲೆಂಡಿನ ಮಿಕ್ ಹೀಲಿ ಅವರ ಪ್ರಕರಣನ ಇಲ್ಲಿ ಬಿಡಿಸಿ ಬರೀತಿರೋದು ಅದಕ್ಕೇ. ಹೀಲಿ ಮೂಲತಃ ಎಕನಾಮಿಕ್ ಜಿಯಾಗ್ರಫಿಯವರು, ಕೈಗಾರಿಕೆಗಳು ಯಾಕೆ ಒಂದು ಕಡೆ ನೆಲೆ ಊರ್ತವೆ, ಯಾಕೆ ಇನ್ನೊಂದು ಕಡೆ ಎದ್ದು ಹೋಗ್ತವೆ ಅನ್ನೋದರ ಮೇಲೆ ಕೆಲಸ ಮಾಡಿದವರು. ಅಂಥವರು 1990ರ ದಶಕದಿಂದ ಮುಂದಕ್ಕೆ ತಮ್ಮ ಶ್ರಮನೆಲ್ಲಾ ಯೂನಿವರ್ಸಿಟಿ ಕ್ಲಾಸ್‌ರೂಮಿನ ಕಡೆ ತಿರುಗಿಸಿದ್ರು. ಎಲ್ಲಾ ಡಿಪಾರ್ಟ್‌ಮೆಂಟಿನವರನ್ನ ಒಂದು ಹಾಲಿನಲ್ಲಿ ಕೂರಿಸಿ ಹೀಗೆ ಪಾಠ ಮಾಡಿ ಅಂತ ಹೇಳೋ ದಾರಿನ ಅವರು ಹಿಡೀಲಿಲ್ಲ, ತಮ್ಮ ಸಬ್ಜೆಕ್ಟಿನ ಒಳಗಿಂದಲೇ ಶುರು ಮಾಡಿದ್ರು, ಅಲ್ಲಿ ಗಟ್ಟಿಯಾದದ್ದನ್ನ ಆಮೇಲೆ ಬೇರೆ ಸಬ್ಜೆಕ್ಟಿನವರ ಮುಂದೆ ಇಟ್ರು. ನನ್ನ ಪ್ರಕಾರ ಈ ಪ್ರಕರಣದಲ್ಲಿ ಕಲಿಯೋಕೆ ಇರೋದು ಈ ಕ್ರಮದಲ್ಲೇ.

ಹಿನ್ನೆಲೆ

ಹೀಲಿ ಕೆಲಸ ಮಾಡ್ತಿದ್ದದ್ದು ಆಕ್ಸ್‌ಫರ್ಡ್ ಕೇಂಬ್ರಿಡ್ಜ್ ಥರದ ಜಾಗದಲ್ಲಲ್ಲ. ಚೆಲ್ಟನ್‌ಹ್ಯಾಮ್ ಅಂಡ್ ಗ್ಲಾಸ್ಟರ್ ಕಾಲೇಜ್ ಆಫ್ ಹೈಯರ್ ಎಜುಕೇಶನ್ ಅಂತ 1990ರಲ್ಲಿ ಆದ ಕಾಲೇಜು ಅದು, ಯೂನಿವರ್ಸಿಟಿ ಆಫ್ ಗ್ಲಾಸ್ಟರ್‌ಶೈರ್ ಅಂತ ಹೆಸರು ಸಿಕ್ಕಿದ್ದು 2001ರ ಅಕ್ಟೋಬರ್‌ನಲ್ಲಿ. ಪಾಠನೇ ಮುಖ್ಯ ಕಸುಬಾಗಿದ್ದ ಸಂಸ್ಥೆ. ಆ ಕಾಲದ ಇಂಗ್ಲೆಂಡಿನಲ್ಲಿ ದುಡ್ಡು, ಹೆಸರು, ಪ್ರಮೋಷನ್ ಎಲ್ಲಾ ರಿಸರ್ಚ್ ಅಸೆಸ್‌ಮೆಂಟ್ ಎಕ್ಸರ್ಸೈಸ್ ಅನ್ನೋ ಮೌಲ್ಯಮಾಪನದ ಸುತ್ತ ತಿರುಗ್ತಿತ್ತು. 1992, 1996, 2001, 2008 ಹೀಗೆ ಕೆಲವು ವರ್ಷಕ್ಕೊಮ್ಮೆ ಪ್ರತಿ ಡಿಪಾರ್ಟ್‌ಮೆಂಟಿನ ಸಂಶೋಧನೆಗೆ ಗ್ರೇಡ್ ಕೊಡೋರು, ಗ್ರೇಡ್ ನೋಡಿ ದುಡ್ಡು ಹಂಚೋರು. ಪಾಠ ಚೆನ್ನಾಗಿ ಮಾಡೋ ಮೇಷ್ಟ್ರಿಗೆ ಅದರಿಂದ ಏನೂ ಬರ್ತಿರಲಿಲ್ಲ. ಪಾಠಕ್ಕೂ ಬೇರೆ ಇನ್ಸ್‌ಪೆಕ್ಷನ್ ಇತ್ತು ನಿಜ, ಆದ್ರೆ ಅದರ ಹಿಂದೆ ರಿಸರ್ಚಿನಷ್ಟು ದುಡ್ಡು ಇರಲಿಲ್ಲ.

ಜಿಯಾಗ್ರಫಿಗೆ ಮಾತ್ರ ಒಂದು ಅನುಕೂಲ ಇತ್ತು, ಇದನ್ನ ಬಿಟ್ರೆ ಹೀಲಿ ಯಾಕೆ ಗೆದ್ರು ಅಂತ ಅರ್ಥ ಆಗಲ್ಲ. 1977ರಲ್ಲೇ ಆಕ್ಸ್‌ಫರ್ಡ್ ಪಾಲಿಟೆಕ್ನಿಕ್‌ನಲ್ಲಿ ಅಲನ್ ಜೆಂಕಿನ್ಸ್ ಮತ್ತು ಡೇವಿಡ್ ಪೆಪ್ಪರ್ ಅನ್ನೋ ಇಬ್ರು ಭೂಗೋಳದ ಮೇಷ್ಟ್ರು ಸೇರಿ ಜರ್ನಲ್ ಆಫ್ ಜಿಯಾಗ್ರಫಿ ಇನ್ ಹೈಯರ್ ಎಜುಕೇಶನ್ ಶುರು ಮಾಡಿದ್ರು, ಅಂದ್ರೆ ಕಾಲೇಜು ಮಟ್ಟದಲ್ಲಿ ಭೂಗೋಳ ಹೇಗೆ ಕಲಿಸ್ಬೇಕು ಅನ್ನೋದಕ್ಕೇ ಮೀಸಲಾದ ಒಂದು ಪತ್ರಿಕೆ. ಹೀಲಿ ಈ ದಾರಿಗೆ ಬರೋ ಹೊತ್ತಿಗೆ ಅದಕ್ಕೆ ವಯಸ್ಸಾಗಿತ್ತು, ಓದುಗರಿದ್ರು, ಬರೆಯೋರಿದ್ರು, ಪಾಠದ ಬಗ್ಗೆ ಬರೆದ್ರೆ ಕೀಳಲ್ಲ ಅನ್ನೋ ಅಭ್ಯಾಸ ಆ ಸಬ್ಜೆಕ್ಟಿನಲ್ಲಿ ಆಗಲೇ ಕೂತಿತ್ತು. ಇದರ ಜೊತೆಗೆ ಫೀಲ್ಡ್ ವರ್ಕ್ ಮತ್ತು ಕೊನೇ ವರ್ಷದ ಡಿಸರ್ಟೇಶನ್. ಬ್ರಿಟನ್ನಿನಲ್ಲಿ ಜಿಯಾಗ್ರಫಿ ಡಿಗ್ರಿ ಮಾಡೋ ವಿದ್ಯಾರ್ಥಿ ಹೊರಗೆ ಹೋಗಿ ಅಳೀತಾನೆ, ಜನರನ್ನ ಮಾತಾಡಿಸ್ತಾನೆ, ಕೊನೆಗೆ ತನ್ನದೇ ಒಂದು ಪ್ರಶ್ನೆ ಇಟ್ಕೊಂಡು ದೊಡ್ಡ ಬರಹ ಬರೀತಾನೆ. ವಿದ್ಯಾರ್ಥಿನೇ ಸಂಶೋಧನೆ ಮಾಡೋದು ಅನ್ನೋದು ಬೇರೆ ಸಬ್ಜೆಕ್ಟುಗಳಿಗೆ ಹೊಸ ಮಾತಾಗಿರಬಹುದು, ಭೂಗೋಳದವರಿಗೆ ಅದು ದಿನಾ ನೋಡೋದೇ.

ಮೊದಲನೇ ಹೆಜ್ಜೆ: ತಮ್ಮವರ ಜೊತೆ

ಹೀಲಿ ಅವರ ವಾದ ಸರಳ. ಮೇಷ್ಟ್ರಿಗೆ ನಿಷ್ಠೆ ಮೊದಲು ಇರೋದು ತಮ್ಮ ಸಬ್ಜೆಕ್ಟಿಗೆ, ಆಮೇಲೆ ತಮ್ಮ ಯೂನಿವರ್ಸಿಟಿಗೆ. ಶಿಕ್ಷಣಶಾಸ್ತ್ರದವರು ಬಂದು ಗ್ರೂಪ್ ಡಿಸ್ಕಷನ್ ಒಳ್ಳೇದು ಅಂದ್ರೆ ಕೆಮಿಸ್ಟ್ರಿ ಮೇಷ್ಟ್ರು ಇದು ನಮಗಲ್ಲ ಅಂತ ಎದ್ದು ಹೋಗ್ತಾರೆ, ಅದನ್ನೇ ಇನ್ನೊಬ್ಬ ಕೆಮಿಸ್ಟ್ರಿ ಮೇಷ್ಟ್ರು ನನ್ನ ಲ್ಯಾಬಿನಲ್ಲಿ ಹೀಗೆ ಮಾಡಿದೆ ಅಂದ್ರೆ ಕೂತು ಕೇಳ್ತಾರೆ. ಈ ತಿಳುವಳಿಕೆ ಮೇಲೇನೇ ಜಿಯಾಗ್ರಫಿ ಡಿಸಿಪ್ಲಿನ್ ನೆಟ್‌ವರ್ಕ್ ಅನ್ನೋ ಕೂಟ ನಿಂತಿದ್ದು, ಅದರ ಕೇಂದ್ರ ಚೆಲ್ಟನ್‌ಹ್ಯಾಮ್. ಹಳೇ ಯೂನಿವರ್ಸಿಟಿಗಳು, 1992ರ ನಂತರ ಯೂನಿವರ್ಸಿಟಿಯಾದ ಪಾಲಿಟೆಕ್ನಿಕ್‌ಗಳು, ಕಾಲೇಜುಗಳು ಎಲ್ಲಾ ಒಟ್ಟಿಗೆ ಇದರಲ್ಲಿದ್ವು. ಯೂನಿವರ್ಸಿಟಿಗಳಿಗೆ ಸರ್ಕಾರದ ದುಡ್ಡು ಹಂಚ್ತಿದ್ದ ಇಂಗ್ಲೆಂಡಿನ ಫಂಡಿಂಗ್ ಕೌನ್ಸಿಲ್ ಪಾಠದ ಅಭಿವೃದ್ಧಿಗೆ ಅಂತ ಇಟ್ಟಿದ್ದ ದುಡ್ಡಿನಲ್ಲಿ ಈ ನೆಟ್‌ವರ್ಕ್ 1998ರಲ್ಲಿ 10 ಗೈಡ್‌ಗಳನ್ನ ತಂತು: ಲೆಕ್ಚರ್ ಕೊಡೋದು, ಸಣ್ಣ ಗುಂಪಿನ ಪಾಠ, ಮೌಲ್ಯಮಾಪನ, ಪ್ರಾಕ್ಟಿಕಲ್, ಫೀಲ್ಡ್ ವರ್ಕ್ ಮತ್ತು ಡಿಸರ್ಟೇಶನ್, ಸಿಲಬಸ್ ಕಟ್ಟೋದು, ಹೀಗೆ. ಬೇರೆ ಬೇರೆ ಡಿಪಾರ್ಟ್‌ಮೆಂಟುಗಳಲ್ಲಿ ನಿಜವಾಗಿ ನಡೀತಿದ್ದ ಪಾಠಗಳ ಉದಾಹರಣೆನೇ ಇವುಗಳ ಜೀವಾಳ. ಓದಿದ ಮೇಷ್ಟ್ರು ನಾಳೆನೇ ಅದನ್ನ ತನ್ನ ಕ್ಲಾಸಿಗೆ ಹೊಂದಿಸ್ಕೋಬಹುದು. ಈ ಸಣ್ಣ ಉದಾಹರಣೆಗಳನ್ನ ಕೂಡಿಡೋ ಅಭ್ಯಾಸನ ಹೀಲಿ ಮುಂದೆ ಎಲ್ಲೂ ಬಿಡಲಿಲ್ಲ, ಅವರ ವರ್ಕ್‌ಶಾಪುಗಳಲ್ಲಿ ಥಿಯರಿಗಿಂತ ಜಾಸ್ತಿ ಜಾಗ ಇವಕ್ಕೇ ಸಿಗ್ತಿತ್ತು.

2000ದಲ್ಲಿ ಇಂಗ್ಲೆಂಡ್ ನ್ಯಾಷನಲ್ ಟೀಚಿಂಗ್ ಫೆಲೋಶಿಪ್ ಶುರು ಮಾಡಿದಾಗ ಮೊದಲ ವರ್ಷ ಆರಿಸಿದ 20 ಜನರಲ್ಲಿ ಹೀಲಿ ಒಬ್ರು, ಒಬ್ಬೊಬ್ಬರಿಗೆ 50,000 ಪೌಂಡ್. ಅವರ ಹೆಸರಿಗೆ ಗೌರವ ಬಂದದ್ದು ಇದರಿಂದ ಅನ್ಬಹುದು, ಆದ್ರೆ ಈ ಪ್ರಕರಣದಲ್ಲಿ ಇದು ದೊಡ್ಡ ತಿರುವೇನಲ್ಲ, ಕೆಲಸ ಅದಕ್ಕೂ ಮೊದ್ಲೇ ನಡೀತಿತ್ತು.

ಫೀಲ್ಡಿಗೆ ಹೋಗಲಾರದ ವಿದ್ಯಾರ್ಥಿ

ಇಡೀ ಪ್ರಕರಣದಲ್ಲಿ ನನಗೆ ಅತ್ಯಂತ ಮುಖ್ಯ ಅನ್ಸೋದು ಈ ಭಾಗ, ಯಾಕೋ ಇದನ್ನ ಕಮ್ಮಿ ಜನ ನೆನಪಿಸ್ಕೊಳ್ತಾರೆ. ಫೀಲ್ಡ್ ವರ್ಕ್ ಇಲ್ಲದೆ ಭೂಗೋಳ ಇಲ್ಲ ಅಂತ ಹೆಮ್ಮೆಯಿಂದ ಹೇಳ್ಕೊಳ್ಳೋ ಸಬ್ಜೆಕ್ಟು ಅದು. ಸರಿ, ಗಾಲಿಕುರ್ಚಿಲಿ ಓಡಾಡೋ ವಿದ್ಯಾರ್ಥಿ ಏನ್ ಮಾಡ್ಬೇಕು? ಗಾಳಿ ಬೀಸೋ ಗುಡ್ಡದ ಮೇಲೆ ಮೇಷ್ಟ್ರು ಬಂಡೆ ಕಡೆ ಮುಖ ಮಾಡ್ಕೊಂಡು ವಿವರಿಸ್ತಿದ್ರೆ ತುಟಿ ನೋಡಿ ಅರ್ಥ ಮಾಡ್ಕೊಳ್ಳೋ ಕಿವುಡ ವಿದ್ಯಾರ್ಥಿಗೆ ಏನು ದಕ್ಕುತ್ತೆ? ಡಿಸ್ಲೆಕ್ಸಿಯಾ, ಅಂದ್ರೆ ಓದೋಕೆ ಬರೆಯೋಕೆ ತೊಡಕಾಗೋ ತೊಂದರೆ, ಇರೋರು ಮಳೇಲಿ ನಿಂತು ಓಡ್ತಾ ಓಡ್ತಾ ನೋಟ್ಸ್ ಹೇಗೆ ಬರೀತಾರೆ? ಖಿನ್ನತೆ ಇರೋ ಹುಡುಗಿ ಪರಿಚಯ ಇಲ್ಲದವರ ಜೊತೆ ಒಂದು ವಾರ ಒಂದೇ ರೂಮಿನಲ್ಲಿ ಇರ್ಬೇಕು ಅಂದ್ರೆ? ಇಂಥವರು ಎಷ್ಟೋ ಸಲ ಫೀಲ್ಡ್ ಕೋರ್ಸ್ ತಗೊಳ್ಳದೇ ಸುಮ್ಮನಾಗ್ತಾರೆ, ಇಲ್ಲಾಂದ್ರೆ ಆ ಸಬ್ಜೆಕ್ಟನ್ನೇ ಆರಿಸಿಕೊಳ್ಳಲ್ಲ.

ಜಿಯಾಗ್ರಫಿ ಡಿಸಿಪ್ಲಿನ್ ನೆಟ್‌ವರ್ಕ್ ಇದನ್ನ ಕೈಗೆತ್ತಿಕೊಂಡು ಫಂಡಿಂಗ್ ಕೌನ್ಸಿಲ್ ನೆರವಿನಿಂದ 2001ರಲ್ಲಿ 6 ಗೈಡ್ ಹೊರತಂತು. ಒಂದು ಒಟ್ಟಾರೆ ನೋಟ, ಉಳಿದವು ಓಡಾಟದ ತೊಂದರೆ, ದೃಷ್ಟಿ, ಶ್ರವಣ, ಮಾನಸಿಕ ಆರೋಗ್ಯ, ಆಮೇಲೆ ಡಿಸ್ಲೆಕ್ಸಿಯಾ ಸೇರಿದಂತೆ ಹೊರಗೆ ಕಾಣದ ತೊಂದರೆಗಳ ಬಗ್ಗೆ. ಸಮಯನೂ ಸರಿಯಾಗಿ ಕೂಡಿ ಬಂತು, ಸ್ಪೆಷಲ್ ಎಜುಕೇಶನಲ್ ನೀಡ್ಸ್ ಅಂಡ್ ಡಿಸೆಬಿಲಿಟಿ ಆಕ್ಟ್ ಅನ್ನೋ ಕಾನೂನು 2001ರಲ್ಲೇ ಪಾಸಾಯ್ತು, 2002ರ ಸೆಪ್ಟೆಂಬರ್‌ನಿಂದ ಯೂನಿವರ್ಸಿಟಿಗಳು ಅಂಗವೈಕಲ್ಯ ಇರೋ ವಿದ್ಯಾರ್ಥಿಗಳಿಗೆ ಬೇಕಾದ ಬದಲಾವಣೆಗಳನ್ನ ಮೊದಲೇ ಯೋಚಿಸಿ ಮಾಡಿಡಬೇಕು ಅಂತಾಯ್ತು. ಕಾನೂನು ಬಂದಾಗ ಬಹಳ ಸಬ್ಜೆಕ್ಟಿನವರು ಏನ್ ಮಾಡೋದು ಅಂತ ಹುಡುಕ್ತಿದ್ರೆ ಭೂಗೋಳದವರ ಕೈಲಿ ಆಗಲೇ ಪುಸ್ತಿಕೆಗಳಿದ್ವು.

ಈ ಕೆಲಸ ಮುಂದಿಟ್ಟ ಪ್ರಶ್ನೆ ಪಾಠದ ಬುಡಕ್ಕೇ ಹೋಗೋ ಅಂಥದ್ದು: ಈ ಫೀಲ್ಡ್ ಟ್ರಿಪ್ಪಿನಿಂದ ವಿದ್ಯಾರ್ಥಿ ಏನು ಕಲೀಬೇಕು ಅಂತ ನಾವು ಅಂದ್ಕೊಂಡಿದ್ದೀವಿ? ಗುಡ್ಡ ಹತ್ತೋದಾ, ಇಲ್ಲಾ ಕಣಿವೆ ಹೇಗೆ ಕೊರೀತು ಅಂತ ನೆಲ ನೋಡಿ ಹೇಳೋದಾ? ಎರಡನೇದು ಅಂತಾದ್ರೆ ರಸ್ತೆ ಪಕ್ಕದ ಇನ್ನೊಂದು ಜಾಗ ಆರಿಸ್ಬಹುದು, ಗುಂಪಿನಲ್ಲಿ ಕೆಲಸ ಬೇರೆ ಥರ ಹಂಚ್ಬಹುದು, ಮೊದಲೇ ನೋಟ್ಸ್ ಮತ್ತು ಮ್ಯಾಪ್ ಕೊಟ್ಟು ಕಳಿಸ್ಬಹುದು. ಇದನ್ನ ಮಾಡಿದಾಗ ಅನುಕೂಲ ಆಗೋದು ಅಂಗವೈಕಲ್ಯ ಇರೋರಿಗೆ ಮಾತ್ರ ಅಲ್ಲ, ಮೊದಲೇ ನೋಟ್ಸ್ ಕೈಲಿದ್ರೆ ಎಲ್ಲರಿಗೂ ಚೆನ್ನಾಗಿ ಅರ್ಥ ಆಗುತ್ತೆ. ಅದೇ 2001ರಲ್ಲಿ ಬ್ರಿಟನ್ನಿನಲ್ಲಿ ಜಾನುವಾರುಗಳಿಗೆ ಕಾಲುಬಾಯಿ ರೋಗ ಹಬ್ಬಿ ಹಳ್ಳಿಗಾಡಿನ ಕಾಲುದಾರಿಗಳನ್ನ ಮುಚ್ಚಿಬಿಟ್ಟಿದ್ರು, ಫೀಲ್ಡಿಗೆ ಹೋಗೋಕೆ ಆಗದೇ ಇರೋದು ಅಂದ್ರೆ ಏನು ಅಂತ ಆ ವಸಂತದಲ್ಲಿ ಎಲ್ಲಾ ಡಿಪಾರ್ಟ್‌ಮೆಂಟಿಗೂ ಗೊತ್ತಾಯ್ತು. ಲೀಡರ್‌ಶಿಪ್ ಅನ್ನೋ ಮಾತು ಬಂದಾಗ ನಾನು ಮೊದಲು ಈ ಆರು ಗೈಡನ್ನೇ ಮುಂದಿಡ್ತೀನಿ. ತನ್ನ ಸಬ್ಜೆಕ್ಟು ಯಾವುದರ ಬಗ್ಗೆ ಹೆಮ್ಮೆ ಪಡುತ್ತೋ ಅದೇ ಯಾರನ್ನ ಹೊರಗಿಡ್ತಿದೆ ಅಂತ ತನ್ನವರಿಗೇ ತೋರಿಸೋದು ಸುಲಭ ಅಲ್ಲ.

ದೊಡ್ಡ ಜಗಳ: ರಿಸರ್ಚ್ ಮತ್ತು ಪಾಠ

ಹೀಲಿ ಹೆಸರು ಭೂಗೋಳದ ಆಚೆ ಹೋಗಿದ್ದು ಈ ವಿಷಯದಿಂದ. 1996ರಲ್ಲಿ ಜಾನ್ ಹ್ಯಾಟಿ ಮತ್ತು ಹರ್ಬರ್ಟ್ ಮಾರ್ಷ್ ಅನ್ನೋ ಇಬ್ರು ಶಿಕ್ಷಣ ಸಂಶೋಧಕರು 58 ಅಧ್ಯಯನಗಳನ್ನ ಒಟ್ಟು ಸೇರಿಸಿ ನೋಡಿದ್ರು, ಮೇಷ್ಟ್ರ ಸಂಶೋಧನೆಗೂ ಅವರ ಪಾಠದ ಗುಣಮಟ್ಟಕ್ಕೂ ಇರೋ ಸಂಬಂಧದ ಅಂಕಿ ಬಂದದ್ದು 0.06, ಅಂದ್ರೆ ಹೆಚ್ಚುಕಮ್ಮಿ ಸೊನ್ನೆ. ಒಳ್ಳೇ ಸಂಶೋಧಕ ಆದ್ರೆ ತಾನಾಗೇ ಒಳ್ಳೇ ಮೇಷ್ಟ್ರು ಅನ್ನೋ ನಂಬಿಕೆ ಅಲ್ಲಿಗೆ ಬಿದ್ದೋಯ್ತು. 2003ರಲ್ಲಿ ಬ್ರಿಟಿಷ್ ಸರ್ಕಾರದ ವೈಟ್ ಪೇಪರ್, ಅಂದ್ರೆ ಮುಂದಿನ ನೀತಿ ಹೇಳೋ ದಾಖಲೆ, ಬಂತು, ಒಳ್ಳೇ ಪಾಠಕ್ಕೆ ಸಂಶೋಧನೆ ಬೇಕೇ ಬೇಕು ಅಂತೇನಿಲ್ಲ ಅನ್ನೋ ನಿಲುವು ಅದರಲ್ಲಿತ್ತು, ಅದಾದ ಮೇಲೆ 2004ರಲ್ಲಿ ರಿಸರ್ಚ್ ಡಿಗ್ರಿ ಕೊಡೋ ಅಧಿಕಾರ ಇಲ್ಲದ ಸಂಸ್ಥೆಗಳೂ ಯೂನಿವರ್ಸಿಟಿ ಅಂತ ಕರೆಸ್ಕೊಳ್ಳೋಕೆ ದಾರಿ ಆಯ್ತು. ಗ್ಲಾಸ್ಟರ್‌ಶೈರ್ ಥರದ ಜಾಗದಲ್ಲಿ ಕೂತವರಿಗೆ ಇದು ನೇರ ಹೊಡೆತ, ಯಾಕಂದ್ರೆ ಅಲ್ಲಿ ಓದೋ ಮಕ್ಕಳು ಇನ್ನು ಸಂಶೋಧನೆ ಅನ್ನೋದನ್ನ ದೂರದಿಂದಲೂ ನೋಡದೆ ಡಿಗ್ರಿ ಮುಗಿಸೋ ಅಪಾಯ ಇತ್ತು.

ಹೀಲಿ ಮತ್ತು ಅಲನ್ ಜೆಂಕಿನ್ಸ್ ಇಲ್ಲಿ ಮಾಡಿದ ಕೆಲಸ ನೋಡಿ. ಹ್ಯಾಟಿ ಮಾರ್ಷ್ ಲೆಕ್ಕ ತಪ್ಪು ಅಂತ ಅವರು ಕೂಗಾಡಲಿಲ್ಲ. ಸಂಬಂಧ ತಾನಾಗೇ ಹುಟ್ಟಲ್ಲ ಅನ್ನೋದನ್ನ ಒಪ್ಕೊಂಡ್ರು, ಹಾಗಾದ್ರೆ ಕೋರ್ಸ್ ಕಟ್ಟೋವಾಗ್ಲೇ ಬೇಕಂತ ಸೇರಿಸ್ಬೇಕು ಅಂದ್ರು. ಹ್ಯಾಟಿ ಮಾರ್ಷ್ ಕೂಡ ಇವೆರಡೂ ಸೇರೋ ಸಂದರ್ಭಗಳನ್ನ ಯೂನಿವರ್ಸಿಟಿಗಳು ಹೆಚ್ಚಿಸ್ಬೇಕು ಅಂತಲೇ ಹೇಳಿದ್ರು, ಆದ್ರೆ 0.06 ಅನ್ನೋ ಅಂಕಿ ಓಡಾಡಿದಷ್ಟು ಆ ಮಾತು ಓಡಾಡಲಿಲ್ಲ. ಇನ್ನೊಂದು, ಪ್ರಶ್ನೆನೇ ಬದಲಾಯ್ತು. ಮೇಷ್ಟ್ರು ಎಷ್ಟು ಪೇಪರ್ ಬರೆದ್ರು ಅನ್ನೋದರಿಂದ ಕಣ್ಣು ತೆಗೆದು, ವಿದ್ಯಾರ್ಥಿ ಕ್ಲಾಸಿನಲ್ಲಿ ಏನು ಮಾಡ್ತಿದ್ದಾನೆ ಅನ್ನೋದರ ಮೇಲೆ ಇಟ್ರು.

2005ರಲ್ಲಿ ಹೀಲಿ ಪ್ರಕಟಿಸಿದ ಚಿತ್ರ ಇವತ್ತಿಗೂ ಓಡಾಡ್ತಿದೆ. ಎರಡು ಗೆರೆ, ನಾಲ್ಕು ಮನೆ. ಮೇಲಿಂದ ಕೆಳಕ್ಕೆ ಇಳಿಯೋ ಗೆರೆ ವಿದ್ಯಾರ್ಥಿ ಏನು ಅಂತ ಕೇಳುತ್ತೆ, ಕೂತು ಕೇಳೋನಾ ಇಲ್ಲಾ ತಾನೇ ಭಾಗವಹಿಸೋನಾ. ಅಡ್ಡ ಗೆರೆ ಒತ್ತು ಎಲ್ಲಿದೆ ಅಂತ ಕೇಳುತ್ತೆ, ಸಂಶೋಧನೆಯಿಂದ ಬಂದ ವಿಷಯದ ಮೇಲಾ, ಇಲ್ಲಾ ಸಂಶೋಧನೆ ಮಾಡೋ ಕ್ರಮದ ಮೇಲಾ. ನದಿ ಪ್ರವಾಹ ಅನ್ನೋ ಒಂದೇ ಟಾಪಿಕ್ ತಗೊಳ್ಳಿ. ಮೇಷ್ಟ್ರು ಪ್ರವಾಹದ ಬಗ್ಗೆ ಇತ್ತೀಚಿನ ಸಂಶೋಧನೆ ಏನ್ ಹೇಳುತ್ತೆ ಅಂತ ಲೆಕ್ಚರ್ ಕೊಟ್ರೆ ಅದು ಒಂದು ಮನೆ. ನೀರಿನ ಹರಿವು ಅಳೆಯೋದು ಹೇಗೆ, ಡೇಟಾ ಎಷ್ಟು ನಂಬ್ಬಹುದು ಅಂತ ವಿಧಾನ ಹೇಳಿಕೊಟ್ರೆ ಇನ್ನೊಂದು. ವಿದ್ಯಾರ್ಥಿಗಳೇ ನಾಲ್ಕೈದು ಪೇಪರ್ ಓದ್ಕೊಂಡು ಬಂದು ಒಬ್ಬರ ವಾದ ಇನ್ನೊಬ್ಬರು ಪ್ರಶ್ನಿಸ್ತಾ ಚರ್ಚೆ ಮಾಡಿದ್ರೆ ಮೂರನೇದು. ಅವರೇ ನದಿ ದಡಕ್ಕೆ ಹೋಗಿ, ಅಳೆದು, ನೀರು ನುಗ್ಗಿದ ಮನೆಯವರನ್ನ ಮಾತಾಡಿಸಿ, ತಮ್ಮದೇ ಪ್ರಶ್ನೆಗೆ ಉತ್ತರ ಹುಡುಕಿದ್ರೆ ನಾಲ್ಕನೇದು. ನಾಲ್ಕೂ ಬೇಕು, ಆದ್ರೆ ಯೂನಿವರ್ಸಿಟಿ ಪಾಠದ ಬಹುಪಾಲು ಕೂತು ಕೇಳೋ ಕಡೆಗೇ ವಾಲಿದೆ, ಭಾಗವಹಿಸೋ ಕಡೆಗೆ ಇನ್ನಷ್ಟು ತಳ್ಬೇಕು ಅನ್ನೋದು ಹೀಲಿ ನಿಲುವು.

ಈ ಚಿತ್ರ ಇಷ್ಟು ಹರಡಿದ್ದು ಯಾಕೆ ಅಂತ ಯೋಚಿಸಿದ್ರೆ ನನಗೆ ಅನ್ನಿಸೋದು, ಅದು ಯಾರನ್ನೂ ಬೈಯಲ್ಲ. ಊರಿನ ಮ್ಯಾಪಲ್ಲಿ ನಿಮ್ಮ ಮನೆ ಎಲ್ಲಿದೆ ತೋರಿಸಿ ಅಂದ ಹಾಗೆ, ನಿಮ್ಮ ಕೋರ್ಸ್ ಇದರಲ್ಲಿ ಎಲ್ಲಿ ಬರುತ್ತೆ ಗುರುತು ಹಾಕಿ ಅನ್ನುತ್ತೆ ಅಷ್ಟೇ. ಗುರುತು ಹಾಕಿದ ಮೇಷ್ಟ್ರಿಗೆ ತಾನೇ ಗೊತ್ತಾಗುತ್ತೆ ಮೂರು ವರ್ಷದ ಡಿಗ್ರಿಲಿ ಎಲ್ಲಾ ಗುರುತೂ ಒಂದೇ ಮೂಲೇಲಿ ಕೂತಿದೆ ಅಂತ. ಹಾಗೆ ಗೊತ್ತಾದಾಗ ಬದಲಾಯಿಸೋಕೆ ಯಾರೂ ಬಲವಂತ ಮಾಡ್ಬೇಕಿಲ್ಲ. ಇನ್ನೊಂದು ಮಾತು ಹೀಲಿ ಮತ್ತು ಜೆಂಕಿನ್ಸ್ ಒತ್ತಿ ಹೇಳ್ತಾ ಬಂದ್ರು: ಈ ಸಂಶೋಧನೆಯ ಅನುಭವ ರ‍್ಯಾಂಕ್ ಬರೋ ಕೆಲವರಿಗೆ ಕೊಡೋ ಬಹುಮಾನ ಆಗಬಾರದು, ಎಲ್ಲಾ ವಿದ್ಯಾರ್ಥಿಗಳಿಗೂ, ಎಲ್ಲಾ ಥರದ ಸಂಸ್ಥೆಗಳಲ್ಲೂ ಸಿಗಬೇಕು, ಅದೂ ಮೊದಲ ವರ್ಷದಿಂದಲೇ. ಅಮೆರಿಕದಲ್ಲಿ ಅಂಡರ್‌ಗ್ರ್ಯಾಜುಯೇಟ್ ರಿಸರ್ಚ್ ಅಂದ್ರೆ ಬಹಳ ಕಾಲ ಬೇಸಿಗೆ ರಜೇಲಿ ಆಯ್ದ ಕೆಲವರು ಪ್ರೊಫೆಸರ್ ಜೊತೆ ಲ್ಯಾಬಿನಲ್ಲಿ ಕೆಲಸ ಮಾಡೋದು ಅಂತಲೇ ಇತ್ತು. ಇವರು ಅದನ್ನ ಟೈಮ್‌ಟೇಬಲ್ಲಿನ ಒಳಕ್ಕೆ ತರಬೇಕು ಅಂದ್ರು. ಇದು ನ್ಯಾಯದ ಪ್ರಶ್ನೆ ಅಂತ ನಾನಂತೂ ನಂಬ್ತೀನಿ.

ಸೆಂಟರ್ ಬಂತು, ಹೋಯ್ತು

2005ರಲ್ಲಿ ಫಂಡಿಂಗ್ ಕೌನ್ಸಿಲ್ ಇಂಗ್ಲೆಂಡಿನಾದ್ಯಂತ ಪಾಠದ ಶ್ರೇಷ್ಠತೆಗೆ ಅಂತ 74 ಸೆಂಟರ್ ಶುರು ಮಾಡಿತು, ಐದು ವರ್ಷಕ್ಕೆ ಒಟ್ಟು 315 ಮಿಲಿಯನ್ ಪೌಂಡ್. ಅದರಲ್ಲಿ ಒಂದು ಗ್ಲಾಸ್ಟರ್‌ಶೈರ್‌ಗೆ ಸಿಕ್ತು: ಜಿಯಾಗ್ರಫಿ, ಪರಿಸರ ಮತ್ತು ಸಂಬಂಧಪಟ್ಟ ವಿಷಯಗಳ ಆಕ್ಟಿವ್ ಲರ್ನಿಂಗ್ ಸೆಂಟರ್, ಡೈರೆಕ್ಟರ್ ಹೀಲಿ. ಇಂಥ ಸೆಂಟರಿಗೆ ವರ್ಷಕ್ಕೆ 5 ಲಕ್ಷ ಪೌಂಡ್‌ವರೆಗೆ ಖರ್ಚಿಗೆ, ಅದರ ಮೇಲೆ ಕಟ್ಟಡ ಸಲಕರಣೆಗೆ ಅಂತ 20 ಲಕ್ಷ ಪೌಂಡ್‌ವರೆಗೆ ಸಿಗೋ ಅವಕಾಶ ಇತ್ತು. ಸಣ್ಣ ಯೂನಿವರ್ಸಿಟಿಗೆ ಇದು ದೊಡ್ಡ ಮೊತ್ತನೇ. 2010ಕ್ಕೆ ದುಡ್ಡು ನಿಂತಿತು. 2011ರಲ್ಲಿ ಒಂದೊಂದು ಸಬ್ಜೆಕ್ಟಿನ ಪಾಠಕ್ಕೆ ನೆರವಾಗ್ತಿದ್ದ ದೇಶದ 24 ಸಬ್ಜೆಕ್ಟ್ ಸೆಂಟರ್‌ಗಳನ್ನೂ ಮುಚ್ಚಿದ್ರು, ಪ್ಲಿಮತ್‌ನಲ್ಲಿದ್ದ ಭೂಗೋಳ ಮತ್ತು ಭೂವಿಜ್ಞಾನದ ಸೆಂಟರೂ ಅದರಲ್ಲಿ ಹೋಯ್ತು. ಈ 74 ಸೆಂಟರ್‌ಗಳ ಇಡೀ ಯೋಜನೆ ಬಗ್ಗೆ ಕೊನೇಲಿ ಬಂದ ಮೌಲ್ಯಮಾಪನ ಅಷ್ಟೇನೂ ಸಿಹಿಯಾಗಿರಲಿಲ್ಲ, ಅದರಲ್ಲಿ ತೊಡಗಿದ್ದ ವ್ಯಕ್ತಿಗಳಿಗೆ, ಆಯಾ ಸಂಸ್ಥೆಗಳಿಗೆ ಉಪಯೋಗ ಆಯ್ತು, ದೇಶದ ಒಟ್ಟು ಉನ್ನತ ಶಿಕ್ಷಣದ ಮೇಲೆ ಆದ ಪರಿಣಾಮ ಕಮ್ಮಿ ಅಂತ.

ಇಲ್ಲೇ ಹೀಲಿ ಪ್ರಕರಣ ಬೇರೆ ಆಗೋದು. ಅವರ ಕೆಲಸ ಸೆಂಟರಿನ ಕಟ್ಟಡದ ಮೇಲೆ ನಿಂತಿರಲಿಲ್ಲ. 1999ರಲ್ಲೇ ಹೊನೊಲುಲುವಿನಲ್ಲಿ ಆಸ್ಟ್ರೇಲಿಯಾದ ಇಯಾನ್ ಹೇ, ಅಮೆರಿಕದ ಕೆನೆತ್ ಫೂಟ್ ಇವರ ಜೊತೆ ಸೇರಿ ಭೂಗೋಳ ಕಲಿಸೋರ ಅಂತರರಾಷ್ಟ್ರೀಯ ಜಾಲ ಕಟ್ಟಿದ್ರು. ಅದರ ಕೆಲಸದ ರೀತಿ ನನಗೆ ಬಹಳ ಇಷ್ಟ: ಬೇರೆ ಬೇರೆ ದೇಶದ ಕೆಲವೇ ಜನ ಒಂದು ಗುಂಪಾಗಿ ಮೊದಲು ದೂರದಿಂದಲೇ ಒಂದು ಬರಹದ ಕರಡು ಮಾಡ್ತಾರೆ, ಆಮೇಲೆ ಒಂದು ಕಡೆ ಸೇರಿ ತಿದ್ದುತಾರೆ, ಕೊನೆಗೆ ಒಟ್ಟಿಗೆ ಪ್ರಕಟಿಸ್ತಾರೆ, ಗುಂಪಿನಲ್ಲಿ ಹೊಸಬರೂ ಇರ್ತಾರೆ ಹಳಬರೂ ಇರ್ತಾರೆ. ಪಾಠದ ಬಗ್ಗೆ ಒಂದು ಸಾಲೂ ಬರೆದಿರದ ಕಿರಿಯ ಮೇಷ್ಟ್ರು ಇಂಥ ಗುಂಪಿನಿಂದ ಹೊರಗೆ ಬರೋವಾಗ ಒಂದು ಪೇಪರಿನ ಸಹಲೇಖಕ ಆಗಿರ್ತಾನೆ. 2012ರಲ್ಲಿ ಇದೇ ರೀತಿನ ಎಲ್ಲಾ ಸಬ್ಜೆಕ್ಟಿನವರಿಗೂ ಅಂತ ಕೆನಡಾದ ಹ್ಯಾಮಿಲ್ಟನ್‌ನಲ್ಲಿ ನಡೆದ ಸಮ್ಮೇಳನಕ್ಕೆ ತಗೊಂಡು ಹೋದ್ರು. ಭೂಗೋಳದಲ್ಲಿ ಪಳಗಿದ ಮೇಲೆ ಹೊರಗೆ ಹರಡೋದು ಅನ್ನೋ ಕ್ರಮ ಇಲ್ಲೂ ಹಾಗೇ ಕಾಣುತ್ತೆ.

ಗ್ಲಾಸ್ಟರ್‌ಶೈರ್ ಕೆಲಸ ಬಿಟ್ಟ ಮೇಲೆ ಹೀಲಿ ಸ್ವತಂತ್ರವಾಗಿ ಯೂನಿವರ್ಸಿಟಿಗಳಿಗೆ ಸಲಹೆಗಾರರಾಗಿ ಮುಂದುವರೆದ್ರು. 2012ರಿಂದ ಇಂಗ್ಲೆಂಡಿನಲ್ಲಿ ಡಿಗ್ರಿ ಫೀಸಿನ ಮಿತಿ ವರ್ಷಕ್ಕೆ 9,000 ಪೌಂಡಿಗೆ ಏರಿತು, ವಿದ್ಯಾರ್ಥಿನ ಗಿರಾಕಿ ಥರ ನೋಡೋ ಮಾತು ಜೋರಾಯ್ತು, ಅಂಥ ಹೊತ್ತಿನಲ್ಲಿ 2014ರಲ್ಲಿ ಆಬಿ ಫ್ಲಿಂಟ್ ಮತ್ತು ಕ್ಯಾಥಿ ಹ್ಯಾರಿಂಗ್ಟನ್ ಜೊತೆ ಸೇರಿ ಹೀಲಿ ತಂದ ವರದಿ ವಿದ್ಯಾರ್ಥಿನ ಪಾಲುದಾರ ಅಂತ ನೋಡ್ಬೇಕು ಅಂತು, ಅಂದ್ರೆ ಕೋರ್ಸ್ ಕಟ್ಟೋದರಲ್ಲಿ, ಪಾಠದ ಬಗ್ಗೆ ಸಂಶೋಧನೆ ಮಾಡೋದರಲ್ಲಿ ವಿದ್ಯಾರ್ಥಿಗೂ ಕೈ ಇರ್ಬೇಕು. 2017ರಲ್ಲಿ ಕೆನಡಾದ ಮ್ಯಾಕ್‌ಮಾಸ್ಟರ್ ಯೂನಿವರ್ಸಿಟಿಯಿಂದ ಇದೇ ವಿಷಯದ ಒಂದು ಜರ್ನಲ್ ಶುರುವಾದಾಗ ಅದರ ಸಂಪಾದಕರಲ್ಲಿ ಹೀಲಿ ಇದ್ರು, ಜೊತೆಗೆ ವಿದ್ಯಾರ್ಥಿಗಳೂ ಸಂಪಾದಕರಾಗಿದ್ರು. ಬರೀ ವರದಿಲಿ ಹೇಳಿ ಬಿಡದೆ ಜರ್ನಲ್ ನಡೆಸೋ ರೀತಿಲೂ ಅದನ್ನ ಪಾಲಿಸಿದ್ದು ನನಗೆ ಮುಖ್ಯ ಅನ್ಸುತ್ತೆ.

ಕೊರತೆಗಳು

ಎರಡು ಕಡೆ ಈ ಪ್ರಕರಣ ಗಟ್ಟಿ ಇಲ್ಲ. ಒಂದು, ನಾಲ್ಕು ಮನೆಯ ಚಿತ್ರ ಕೋರ್ಸ್ ಎಲ್ಲಿದೆ ಅಂತ ತೋರಿಸುತ್ತೆ, ವಿದ್ಯಾರ್ಥಿ ಎಷ್ಟು ಕಲಿತ ಅಂತ ತೋರಿಸಲ್ಲ. ತಾನೇ ನದಿ ದಡಕ್ಕೆ ಹೋದ ಮಾತ್ರಕ್ಕೆ ಕಲಿಕೆ ಆಳ ಆಯ್ತು ಅನ್ನೋಕೆ ಬರಲ್ಲ. ಮಾರ್ಗದರ್ಶನ ಇಲ್ಲದೆ ಬಿಟ್ರೆ ಮೊದಲ ವರ್ಷದ ಮಕ್ಕಳು ಅಂಕಿ ಗುಡ್ಡೆ ಹಾಕ್ಕೊಂಡು ಬರ್ತಾರೆ, ಅದರಿಂದ ಏನು ಹೇಳ್ಬೇಕು ಅಂತ ಗೊತ್ತಾಗದೆ ಕೂರ್ತಾರೆ. ಕೂಡಿಟ್ಟ ಉದಾಹರಣೆಗಳು ಮೇಷ್ಟ್ರಿಗೆ ಧೈರ್ಯ ಕೊಡ್ತವೆ, ಪುರಾವೆ ಆಗಲ್ಲ. ಆಯಾ ಡಿಪಾರ್ಟ್‌ಮೆಂಟು ತನ್ನ ವಿದ್ಯಾರ್ಥಿಗಳ ಬರಹ, ಡಿಸರ್ಟೇಶನ್ ನೋಡಿ ತಾನೇ ಪರೀಕ್ಷಿಸ್ಕೋಬೇಕು.

ಇನ್ನೊಂದು ಸಮಯ. ನಾಲ್ಕನೇ ಮನೆಯ ಪಾಠಕ್ಕೆ ಮೇಷ್ಟ್ರ ಗಂಟೆಗಳು ಬಹಳ ಬೇಕು. ನೂರಾರು ಜನರನ್ನ ಹಾಲಿನಲ್ಲಿ ಕೂರಿಸಿ ಒಂದು ಲೆಕ್ಚರ್ ಕೊಡ್ಬಹುದು, ಅಷ್ಟೂ ಜನರ ಅಷ್ಟೂ ಪ್ರಶ್ನೆಗಳಿಗೆ ಒಬ್ಬರೇ ಗೈಡ್ ಮಾಡೋಕಾಗಲ್ಲ. ಸಣ್ಣ ಗುಂಪುಗಳು, ಹಿರಿಯ ವಿದ್ಯಾರ್ಥಿಗಳ ಸಹಾಯ, ಮೊದಲೆರಡು ವರ್ಷ ಸಣ್ಣ ಸಣ್ಣ ತನಿಖೆಗಳು, ಹೀಗೆ ಹೊರೆ ಹಂಚೋ ದಾರಿಗಳಿವೆ, ಆದ್ರೂ ಮೇಷ್ಟ್ರ ಪ್ರಮೋಷನ್ ಇನ್ನೂ ಪೇಪರ್ ಎಣಿಸಿಯೇ ಆಗ್ತಿದ್ರೆ ಯಾರು ಆ ಗಂಟೆಗಳನ್ನ ಕೊಡ್ತಾರೆ? ಹೀಲಿ ತಮ್ಮ ಸಬ್ಜೆಕ್ಟಿನವರ ಮನಸ್ಸು ಬದಲಾಯಿಸಿದ್ರು, ಪ್ರಮೋಷನ್ ಕಮಿಟಿಯ ನಿಯಮ ಬದಲಾಯಿಸೋ ಅಧಿಕಾರ ಅವರ ಕೈಲಿ ಇರಲಿಲ್ಲ. ಈ ಮಾದರಿನ ತಮ್ಮಲ್ಲಿಗೆ ತರ್ತೀವಿ ಅನ್ನೋ ಡಿಪಾರ್ಟ್‌ಮೆಂಟು ಮೊದಲು ತನ್ನ ಟೈಮ್‌ಟೇಬಲ್ ತೆಗೆದು, ಒಬ್ಬ ಮೇಷ್ಟ್ರಿಗೆ ಎಷ್ಟು ವಿದ್ಯಾರ್ಥಿ, ಒಬ್ಬ ವಿದ್ಯಾರ್ಥಿಗೆ ಎಷ್ಟು ಗಂಟೆ ಅಂತ ಲೆಕ್ಕ ಹಾಕಿ, ಆ ಗಂಟೆಗಳನ್ನ ಕೆಲಸದ ಹೊರೆ ಲೆಕ್ಕದಲ್ಲಿ ಸೇರಿಸೋಕೆ ಆಡಳಿತದವರ ಹತ್ರ ಬರವಣಿಗೆಯಲ್ಲಿ ಒಪ್ಪಿಗೆ ತಗೊಂಡು ಆಮೇಲೆ ಸಿಲಬಸ್ ಮುಟ್ಟಲಿ.